ಪಾಲಿಗೆ ಬಂದ ಮೀನು

ಹಾಲಸ್ವಾಮಿಗೆ ಈ ಮೀನಿನ ವಿಚಾರ ಮೊದಲಿನಿಂದಲೂ ತಲೆಗೆ ಹತ್ತಿದ್ದಲ್ಲ. ಐವತ್ತೆರಡು ವರ್ಷದ ಆಸಾಮಿ. ಹಾಲ್ಕುರಿಕೆಯಲ್ಲಿ ತೆಂಗಿನ ತೋಟ, ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಮಂಡಿ. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಒಣಗಿದೆಯೋ, ಕೊಳೆತಿದೆಯೋ, ಇನ್ನೊಂದು ತಿಂಗಳು ಬೇಕೋ, ಕರಾರುವಾಕ್ಕಾಗಿ ಹೇಳುತ್ತಿದ್ದ. ಮೀನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದಕ್ಕೆ ಬರುತ್ತದೆಯೇ? ಬರುವುದಿಲ್ಲ. ಅದಕ್ಕೇ ಹನ್ನೊಂದು ತಿಂಗಳಿಂದ ದಿನಾ ಬೆಳಿಗ್ಗೆ ಗಾಜಿನ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಒಳಗಿದ್ದ ಒಂಟಿ ಮೀನನ್ನು ನೋಡಿ ನೋಡಿ, ಏನೂ ಅರ್ಥವಾಗದೆ ಎದ್ದು ಹೋಗುತ್ತಿದ್ದ.

ಮೀನು ಅವನ ತಮ್ಮ ರುದ್ರೇಶನದು. ಈಗ ಇವನದೇ ಅನ್ನಿ, ಪಾಲಿನಲ್ಲಿ ಬಂದದ್ದು. ಆದರೆ ತಂದವನು, ಸಾಕಿದವನು ರುದ್ರೇಶ. ಅಣ್ಣನಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ತಿಪಟೂರಿನಲ್ಲಿ ನೀರಿನ ಫಿಲ್ಟರ್ ರಿಪೇರಿಯ ಅಂಗಡಿ ಇಟ್ಟವನು. ನಾಲ್ಕು ವರ್ಷದ ಹಿಂದೆ ಫಿಲ್ಟರಿನ ಸಾಮಾನು ತರಲು ಬೆಂಗಳೂರಿಗೆ ಹೋದವನು ಬಸ್ಸಿನಲ್ಲಿ ತೊಡೆಯ ಮೇಲೆ ಥರ್ಮಾಕೋಲ್ ಡಬ್ಬಿ ಇಟ್ಟುಕೊಂಡು ವಾಪಸ್ಸು ಬಂದ. ಒಳಗೆ ಎರಡು ಪ್ಲಾಸ್ಟಿಕ್ ಚೀಲ, ಚೀಲಕ್ಕೊಂದು ಕ್ಲೌನ್ ಮೀನು. ಒಂದು ಹೆಬ್ಬೆರಳಿನಷ್ಟು, ಇನ್ನೊಂದು ಕಿರುಬೆರಳಿನಷ್ಟು.

ಲಿಂಗ ಕಟ್ಟಿದವರ ಮನೆಯೊಳಗೆ ಮೀನು! ಆಗ ಇನ್ನೂ ಬದುಕಿದ್ದ ತಾಯಿ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಸಾಕುವುದಕ್ಕೆ ತಂದದ್ದು, ತಿನ್ನುವುದಕ್ಕಲ್ಲ ಎಂದು ರುದ್ರೇಶ ಎಷ್ಟು ಹೇಳಿದರೂ ಆಕೆ ಜಗ್ಗಲಿಲ್ಲ. ಕೊನೆಗೆ ಚೀಲವನ್ನೇ ಬೆಳಕಿಗೆ ಹಿಡಿದು ತೋರಿಸಿದ. ಕಿತ್ತಳೆ ಬಣ್ಣದ ಮೈಮೇಲೆ ಅಚ್ಚುಕಟ್ಟಾದ ಮೂರು ಬಿಳಿ ಪಟ್ಟೆ. ಮುದುಕಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಅಯ್ಯೋ ಶಿವನೇ, ವಿಭೂತಿ ಧರಿಸೈತಲ್ಲೋ," ಅಂದರು. ಅಷ್ಟೇ. ಮೀನು ಒಳಗೆ ಬಂದವು. ಅವತ್ತಿನಿಂದ ಮನೆಗೆ ಬಂದ ನೆಂಟರಿಗೆಲ್ಲ ಅವನ್ನು ತೋರಿಸಿ, ಇವೂ ನಮ್ಮ ಪೈಕಿಯವೇ ಎಂದು ಹೇಳುವುದು ಮುದುಕಿಯ ಕೆಲಸವಾಯಿತು.

ಸಮುದ್ರವೆಲ್ಲಿ, ಹಾಲ್ಕುರಿಕೆಯೆಲ್ಲಿ. ರುದ್ರೇಶ ಫಿಲ್ಟರಿನ ಶುದ್ಧ ನೀರಿಗೆ ಪೊಟ್ಟಣದ ಉಪ್ಪು ಕಲಸಿ, ಒಂದು ಸಣ್ಣ ಕೊಳವೆಯಂಥ ಉಪಕರಣಕ್ಕೆ ಒಂದು ಹನಿ ಬಿಟ್ಟು, ಕಣ್ಣಿಗೆ ಹಿಡಿದು ಉಪ್ಪಿನ ಹದ ನೋಡುತ್ತಿದ್ದ. ನಮ್ಮ ಮನೆಯ ಸಾರಿಗಿಲ್ಲದ ಉಪಚಾರ ಈ ನೀರಿಗೆ ಎಂದು ಹಾಲಸ್ವಾಮಿಯ ಹೆಂಡತಿ ಗಿರಿಜಾಂಬಿಕಾ ಗೊಣಗುತ್ತಿದ್ದಳು. ತೊಟ್ಟಿಯಲ್ಲಿ ಕಲ್ಲುಗಳ ನಡುವೆ ಒಂದು ಅರ್ಧ ಕರಟ ಬೋರಲು ಬಿದ್ದಿತ್ತು, ಹತ್ತು ಸಲ ಕುದಿಸಿ ಬಣ್ಣ ಬಿಡದಂತೆ ಮಾಡಿದ್ದು. ಎರಡೂ ಮೀನು ಅದರ ಕೆಳಗೆ ಮಲಗುತ್ತಿದ್ದವು.

ಒಂದು ದಿನ ಊಟಕ್ಕೆ ಕೂತಾಗ ರುದ್ರೇಶ ಒಂದು ವಿಚಿತ್ರ ಹೇಳಿದ. "ಇವೆಲ್ಲ ಹುಟ್ತಾ ಗಂಡೇ ಕಣಣ್ಣ. ಎರಡನ್ನ ಒಟ್ಟಿಗೆ ಬುಟ್ರೆ ಜೋರಾಗಿರೋದು ದೊಡ್ಡದಾಗಿ ಹೆಣ್ಣಾಗುತ್ತೆ. ಇನ್ನೊಂದು ಚಿಕ್ಕದಾಗೇ, ಗಂಡಾಗೇ ಉಳ್ಕೊಳ್ಳುತ್ತೆ."

ತಮ್ಮ ತನ್ನ ಕಾಲೆಳೆಯುತ್ತಿದ್ದಾನೆ ಎಂದೇ ಹಾಲಸ್ವಾಮಿ ತಿಳಿದದ್ದು. ಹಾಗಿದ್ದರೆ ನಾನೂ ನಾಳೆಯಿಂದ ಸೀರೆ ಉಡುತ್ತೇನೆ ಎಂದು ನಕ್ಕ. ಗಿರಿಜಾಂಬಿಕಾ ಮಜ್ಜಿಗೆ ಬಡಿಸುತ್ತಾ, ಜೋರಾಗಿರುವುದೇ ಹೆಣ್ಣು ಅನ್ನುವುದಾದರೆ ಈ ಮನೆಯ ಯಜಮಾನಿ ಯಾರು ಅನ್ನುವುದು ಊರಿಗೇ ಗೊತ್ತು ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾತು ಅಲ್ಲಿಗೆ ಮುಗಿಯಿತು, ಹಾಲಸ್ವಾಮಿ ಅದನ್ನು ಕೈ ತೊಳೆದಾಗಲೇ ಮರೆತ.

ಅವನಿಗೆ ನೆನಪಿನಲ್ಲಿ ಉಳಿದದ್ದು ಇನ್ನೊಂದು. ದೊಡ್ಡ ಮೀನು ಎದುರಿಗೆ ಬಂದಾಗಲೆಲ್ಲ ಚಿಕ್ಕದು ಮೈ ಓರೆ ಮಾಡಿಕೊಂಡು ಗಡಗಡ ನಡುಗುತ್ತಿತ್ತು. ಮೊದಲು ನೋಡಿದಾಗ ಹಾಲಸ್ವಾಮಿ ಚಳಿಜ್ವರ ಅಂದುಕೊಂಡು ಗಾಬರಿಯಾಗಿದ್ದ. ಅದು ಕಾಯಿಲೆಯಲ್ಲ, ಮರ್ಯಾದೆ ಎಂದು ರುದ್ರೇಶ ವಿವರಿಸಿದ. ನೀನೇ ದೊಡ್ಡವಳು, ನಾನು ನಿನ್ನ ಮೇಲೆ ಬರುವುದಿಲ್ಲ ಎಂದು ಹೇಳುವ ರೀತಿಯಂತೆ. ಚಿಕ್ಕದು ನಡುಗುವಷ್ಟು ಕಾಲ ತೊಟ್ಟಿಯಲ್ಲಿ ಜಗಳವಿಲ್ಲವಂತೆ. ಇದು ಮಾತ್ರ ಹಾಲಸ್ವಾಮಿಗೆ ಬಹಳ ಹಿಡಿಸಿತು. ಮಂಡಿಯಿಂದ ಬಂದವನೇ ತೊಟ್ಟಿಯ ಮುಂದೆ ನಿಂತು ಅದು ನಡುಗುವುದನ್ನು ನೋಡಿ, "ನೋಡ್ಲಾ, ಕಲ್ತ್ಕೋ," ಎಂದು ತಮ್ಮನನ್ನು ರೇಗಿಸುತ್ತಿದ್ದ. ರುದ್ರೇಶ ನಗುತ್ತಿದ್ದ. ಅವನು ಅಣ್ಣನಿಗೆ ಎದುರಾಡಿದವನೇ ಅಲ್ಲ.

ಎದುರಾಡಿದ್ದು ತಾಯಿ ತೀರಿಕೊಂಡ ಮೇಲೆ, ಒಂದೇ ಸಲ. ಆಗಿದ್ದಿಷ್ಟು. ತಮ್ಮನ ಫಿಲ್ಟರ್ ಅಂಗಡಿ ಮುಚ್ಚಿಸಿ ಅವನನ್ನು ಮಂಡಿಯಲ್ಲಿ ಕೂರಿಸಬೇಕೆಂದು ಹಾಲಸ್ವಾಮಿ ತೀರ್ಮಾನಿಸಿದ. ಒಳ್ಳೆಯದಕ್ಕೇ ಅಂದುಕೊಂಡ. ಮಾರುಕಟ್ಟೆಯಲ್ಲಿ ನಾಲ್ಕು ಜನರಿಗೆ ಹೇಳಿಯೂ ಬಿಟ್ಟ. ಹೇಳದೆ ಉಳಿದದ್ದು ರುದ್ರೇಶನೊಬ್ಬನಿಗೇ. ಅವನಿಗೆ ಗೊತ್ತಾದದ್ದು ಫಿಲ್ಟರ್ ಸರಿಮಾಡಿಸಲು ಬಂದ ಯಾರೋ ಗಿರಾಕಿಯ ಬಾಯಲ್ಲಿ. ಸಾಯಂಕಾಲ ಬಂದು, ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ ಎಂದ.

"ನಿನ್ನ ಕೇಳೋದೇನೈತೆ?" ಅಂದ ಹಾಲಸ್ವಾಮಿ.

ರುದ್ರೇಶ ಅಣ್ಣನ ಮುಖವನ್ನೇ ನೋಡುತ್ತಾ, "ನನ್ ಪಾಲು ಕೊಟ್ಬುಡು," ಅಂದ.

ಪಾಲು ಮಾಡಿಸಲು ದಬ್ಬೇಘಟ್ಟದಿಂದ ಸೋದರಮಾವ ಸೂರ್ಯಪ್ರಕಾಶ್ ಬಂದರು. ಅವರ ಕಡೆಯ ಪದ್ಧತಿ ಸರಳ. ಹಿರಿಯ ಪಾಲು ಹಾಕಬೇಕು, ಕಿರಿಯ ಆರಿಸಿಕೊಳ್ಳಬೇಕು. ಹಾಗಾದರೆ ಯಾರೂ ಮೋಸವಾಯಿತು ಅನ್ನುವ ಹಾಗಿಲ್ಲ. ತೋಟ, ಹೊಲ, ದನ, ಹಂಡೆ, ಕಡಾಯಿ, ಎಲ್ಲವನ್ನೂ ಹಾಲಸ್ವಾಮಿ ಎರಡು ಮಾಡುತ್ತಾ ಹೋದ, ರುದ್ರೇಶ ಒಂದನ್ನು ಮುಟ್ಟುತ್ತಾ ಹೋದ. ಕೊನೆಗೆ ಉಳಿದದ್ದು ಮೀನಿನ ತೊಟ್ಟಿ. ಅದನ್ನು ಬಿಟ್ಟುಬಿಡಿ ಮಾವ, ಅವು ಜೋಡಿ ಎಂದು ರುದ್ರೇಶ ಮೆಲ್ಲಗೆ ಹೇಳಿದ. ಆ ಮೆಲು ದನಿಗೇ ಹಾಲಸ್ವಾಮಿಯ ಸಿಟ್ಟು ನೆತ್ತಿಗೇರಿತು. ಹುಟ್ಟಿದ ಮನೆಯನ್ನೇ ಎರಡು ಮಾಡು ಅಂದವನಿಗೆ ಮೀನು ಎರಡಾಗುವುದು ಸಂಕಟವೇ?

"ಎರಡವೆಯಲ್ಲ. ಒಂದೊಂದು ತಗೊಳ್ಳೋಣ," ಅಂದುಬಿಟ್ಟ.

ಸೂರ್ಯಪ್ರಕಾಶ್ ಅಳಿಯನ ಮುಖ ನೋಡಿದರು. ಆದರೂ ಪದ್ಧತಿ ಪದ್ಧತಿಯೇ. ರುದ್ರೇಶ ದೊಡ್ಡದನ್ನು ಮುಟ್ಟಿದ. ಹಳೆಯ ತೊಟ್ಟಿ, ಕಲ್ಲು, ಕರಟ ಎಲ್ಲವನ್ನೂ ಚಿಕ್ಕದಕ್ಕೇ ಬಿಟ್ಟು, ತನಗೆ ಹೊಸ ತೊಟ್ಟಿ ತಂದುಕೊಂಡ. ನೋಡಿದೆಯಾ, ದೊಡ್ಡ ಮೀನೂ ಬೇಕು, ಹೊಸ ತೊಟ್ಟಿಯೂ ಬೇಕು ಎಂದು ಹಾಲಸ್ವಾಮಿ ಹೆಂಡತಿಯ ಮುಂದೆ ಕಹಿಯಾಗಿ ಆಡಿಕೊಂಡ. ವಾರದೊಳಗೆ ನಡುಮನೆಯಲ್ಲಿ ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದಿತು. ಮಾತು ನಿಂತಿತು.

ಪಾಲಾಗದೆ ಉಳಿದದ್ದು ಒಂದೇ, ಅಟ್ಟ. ಗೋಡೆ ಅಟ್ಟದ ಹಲಗೆ ಮುಟ್ಟಿ ನಿಂತಿತ್ತು. ಮೇಲೆ ಮಾತ್ರ ಈ ತುದಿಯಿಂದ ಆ ತುದಿಯವರೆಗೂ ಒಂದೇ ಹಾಸು, ಅದರ ತುಂಬ ಒಟ್ಟಿಗಿದ್ದಾಗ ಏರಿಸಿದ ತೆಂಗಿನಕಾಯಿ. ಉಂಡೆ ಕೊಬ್ಬರಿ ಮಾಡುವವರು ಅಟ್ಟದ ಕಾಯಿಯನ್ನು ನಡುವೆ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಳ್ಳಲು ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲಿಯವರೆಗೆ ಇರಲಿ, ಇಳಿಸುವ ದಿನ ಇಬ್ಬರೂ ನಿಂತು ಹಂಚಿಕೊಳ್ಳಿ ಎಂದು ಸೋದರಮಾವ ಹೇಳಿ ಬಸ್ಸು ಹತ್ತಿದ್ದರು.

ಇತ್ತ ಒಂಟಿಯಾದ ಚಿಕ್ಕ ಮೀನು ಒಂದು ವಾರ ಕರಟದ ಕೆಳಗಿಂದ ಹೊರಗೇ ಬರಲಿಲ್ಲ. ಕಾಳು ಹಾಕಿದರೆ ಮೂಸಿಯೂ ನೋಡಲಿಲ್ಲ. ಹಾಲಸ್ವಾಮಿಗೆ ಎದೆಯಲ್ಲಿ ಏನೋ ಕುಟುಕತೊಡಗಿತು. ಸಿಟ್ಟು ಇಳಿದ ಮೇಲೆ ನೋಡಿದರೆ, ತಾನು ಮಾಡಿದ್ದು ಗಂಡ ಹೆಂಡತಿಯನ್ನು ಅಗಲಿಸಿದ ಕೆಲಸ. ಏನೂ ತೋಚದೆ ಒಂದು ದಿನ ಒಳ್ಳೆಯ ಕೊಬ್ಬರಿಯನ್ನೇ ತುರಿದು ಒಂದು ಚಿಟಿಕೆ ಹಾಕಿದ. ಮೀನು ಬಾಯಿಗೆ ತೆಗೆದುಕೊಂಡು ಥೂ ಎಂದು ಉಗಿಯಿತು. ತಿಪಟೂರಿನ ಕೊಬ್ಬರಿಯನ್ನು ಉಗಿದ ಪ್ರಾಣಿಯನ್ನು ಅವನು ಅದೇ ಮೊದಲು ನೋಡಿದ್ದು. ಮಗಳು ಗಾನವಿ ಓಡಿಬಂದು, ನೀರಿನ ಮೇಲೆ ಎಣ್ಣೆ ಕಟ್ಟುತ್ತದೆ ಎಂದು ಬೈದು ಎಲ್ಲವನ್ನೂ ಸೋಸಿ ತೆಗೆದಳು.

ಗಾನವಿ ತಿಪಟೂರಿನ ಕಾಲೇಜಿನಲ್ಲಿ ಓದುತ್ತಿದ್ದವಳು. ಅವಳಿಲ್ಲದಿದ್ದರೆ ಮೀನು ಆ ತಿಂಗಳೇ ಶಿವನ ಪಾದ ಸೇರುತ್ತಿತ್ತು. ಪ್ರತಿ ಶನಿವಾರ ಬಸ್ಸಿನಲ್ಲಿ ಹತ್ತು ಲೀಟರಿನ ಬಿಳಿ ಡಬ್ಬದಲ್ಲಿ ಕಲಸಿದ ಉಪ್ಪುನೀರು ತರುವಳು. ಭಾನುವಾರ ಅಪ್ಪನ ಕೈಲಿ ತೊಟ್ಟಿಯ ಹಳೆಯ ನೀರು ಸ್ವಲ್ಪ ತೆಗೆಸಿ, ಹೊಸದನ್ನು ಹುಯ್ಯಿಸುವಳು. ಎಲ್ಲಿಂದ ತರುತ್ತೀಯೆ ಅಂದರೆ ತಿಪಟೂರಿನಿಂದ ಅನ್ನುವಳು. ತಿಪಟೂರಿನಲ್ಲಿ ಎಲ್ಲಿ, ಯಾರ ಹತ್ತಿರ ಎಂದು ಹಾಲಸ್ವಾಮಿ ಕೇಳಲಿಲ್ಲ. ಕೇಳುವ ಅಭ್ಯಾಸವೇ ಇರಲಿಲ್ಲ ಆ ಮನುಷ್ಯನಿಗೆ.

ಆಮೇಲೆ ಮೀನು ತಿನ್ನತೊಡಗಿತು. ತಿನ್ನುತ್ತಾ ತಿನ್ನುತ್ತಾ ಬೆಳೆಯತೊಡಗಿತು. ಮೂರು ವರ್ಷ ಕಿರುಬೆರಳಿಗಿಂತ ಹೆಚ್ಚಾಗದಿದ್ದದ್ದು ಆರು ತಿಂಗಳಲ್ಲಿ ಹೆಬ್ಬೆರಳನ್ನು ದಾಟಿತು. ಹಾಲಸ್ವಾಮಿ ಬೀಗಿದ. ನನ್ನ ಕೈಗುಣ ಎಂದು ಮಂಡಿಯಲ್ಲಿ ಹೇಳಿಕೊಂಡ. ಆದರೆ ಅದರ ನಡತೆ ನೋಡಿದರೆ ತಬ್ಬಿಬ್ಬಾಗುವ ಹಾಗಿತ್ತು. ಮೊದಲು ಮೂಲೆಯಲ್ಲಿ ಅಡಗುತ್ತಿದ್ದದ್ದು ಈಗ ಎದೆ ಮುಂದೆ ಮಾಡಿಕೊಂಡು ತೊಟ್ಟಿಯ ನಟ್ಟನಡುವೆ ಗಸ್ತು ತಿರುಗುತ್ತಿತ್ತು. ಕರಟದ ಸುತ್ತಲಿನ ಮರಳನ್ನು ಬಾಲದಿಂದ ಬೀಸಿ ಬೀಸಿ ಗುಡಿಸುತ್ತಿತ್ತು. ಗಾಜು ಒರೆಸಲು ಕೈ ಹಾಕಿದರೆ ಬಂದು ಬೆರಳು ಕಚ್ಚುತ್ತಿತ್ತು. ಅದೇ ಮೀನೇ ಇದು? ಯಾರಾದರೂ ಬದಲಾಯಿಸಿದರೇ?

"ಏನಪ್ಪ, ನಡುಗೋದೇ ಮರ್ತುಬುಟ್ಟಾ?" ಎಂದು ಗಾಜಿನ ಹತ್ತಿರ ಬಾಗಿ ಕೇಳುತ್ತಿದ್ದ. ಆಮೇಲೆ ತನ್ನ ಪ್ರಶ್ನೆಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಪಾಪ, ಯಾರ ಮುಂದೆ ನಡುಗಬೇಕು? ದೊಡ್ಡದು ಗೋಡೆಯಾಚೆ ಇದೆ.

ಆಚೆಯ ದೊಡ್ಡದೂ ಒಂಟಿಯಾಗಿಯೇ ಇದೆ ಎಂದು ಗಾನವಿ ಒಮ್ಮೆ ಹೇಳಿದ್ದಳು. ಆ ಮಾತು ಹಾಲಸ್ವಾಮಿಯ ಎದೆಯಲ್ಲಿ ಕೂತುಬಿಟ್ಟಿತು. ಗೋಡೆಯಾಚೆ ತಮ್ಮ ಕೆಮ್ಮಿದರೆ ಇವನ ಕೈಯ ತುತ್ತು ನಿಲ್ಲುತ್ತಿತ್ತು. ತಾನು ಹತ್ತು ವರ್ಷದವನಿದ್ದಾಗ ತೊಡೆಯ ಮೇಲೆ ಹಾಕಿಕೊಂಡು ತೂಗಿದ ತಮ್ಮ ಈಗ ಬೀದಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುತ್ತಾನೆ. ಕೂಗಿ ನಿಲ್ಲಿಸಬೇಕು ಅನ್ನಿಸುತ್ತಿತ್ತು. ಆದರೆ ಹಿರಿಯವನಾಗಿ ತಾನೇ ಮೊದಲು ಹೋಗಿ ಮಾತಾಡಿಸುವುದು ಹೇಗೆ? ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಅಟ್ಟದ ಕಾಯಿ ಇಳಿಸುವ ದಿನ ಇಬ್ಬರೂ ಸೇರಲೇಬೇಕು. ಅವತ್ತು ಮೀನನ್ನು ತೆಗೆದುಕೊಂಡು ಹೋಗಿ ಜೋಡಿಯನ್ನು ಸೇರಿಸಿಬಿಡುವುದು. ಮೀನು ಒಂದಾದದ್ದನ್ನು ನೋಡಿದರೆ ರುದ್ರನ ಮನಸ್ಸೂ ಕರಗುತ್ತದೆ. ಮರುದಿನವೇ ಗೋಡೆ ಒಡೆಸುವುದು, ಮತ್ತೆ ಒಂದೇ ಒಲೆ. ಅವತ್ತು ಆಗಲಿಲ್ಲವೋ, ಆಮೇಲೆ ತಮ್ಮನ ಜೊತೆ ಸೇರಿ ಮಾಡುವ ಕೆಲಸವೇ ಮನೆಯಲ್ಲಿ ಉಳಿಯುವುದಿಲ್ಲ. ಇದನ್ನೆಲ್ಲ ಅವನು ಯಾರಿಗೂ ಹೇಳಲಿಲ್ಲ.

ಆ ದಿನ ಬಂತು. ಬೆಳಿಗ್ಗೆ ಎಂಟಕ್ಕೇ ಅಣ್ಣ ತಮ್ಮ ಇಬ್ಬರೂ ಅಟ್ಟ ಹತ್ತಿದರು. ಹೆಂಚಿಗೆ ತಲೆ ತಗುಲುವ ಜಾಗ, ಬಗ್ಗಿಕೊಂಡೇ ಓಡಾಡಬೇಕು. ಹಾಲಸ್ವಾಮಿ ಒಂದು ಕಾಯಿ ತೆಗೆದು ಅಲ್ಲಾಡಿಸಿದ. ಒಳಗೆ ಲೊಟಲೊಟ ಎಂದಿತು. ಅಭ್ಯಾಸಬಲದಿಂದ ಅದನ್ನು ತಮ್ಮನತ್ತ ಚಾಚಿದ, ತಮ್ಮನೂ ಅಭ್ಯಾಸಬಲದಿಂದ ತೆಗೆದುಕೊಂಡು ಅಲ್ಲಾಡಿಸಿ ತಲೆಯಾಡಿಸಿದ. ಅಷ್ಟೇ ಮಾತುಕತೆ. ಈ ಕಡೆಗೊಂದು, ಆ ಕಡೆಗೊಂದು ಎಂದು ಕೆಳಗೆ ಎಸೆಯುತ್ತಾ ಹೋದರು. ಮಧ್ಯಾಹ್ನದ ಹೊತ್ತಿಗೆ ಅಟ್ಟ ಬರಿದಾಯಿತು. ಖಾಲಿ ಹಲಗೆಯ ಮೇಲೆ ಧೂಳು, ಇಲಿ ಹಿಕ್ಕೆ, ಮತ್ತೇನೂ ಇಲ್ಲ. ರುದ್ರೇಶ ಅಂಗಳದ ರಾಶಿ ನೋಡಲು ಇಳಿದುಹೋದ.

ಈಗಲೇ ಸಮಯ ಎಂದುಕೊಂಡ ಹಾಲಸ್ವಾಮಿ ನೇರ ಮನೆಯೊಳಗೆ ಹೋದ. ಮೀನು ಕರಟದೊಳಗೆ ಸೇರುವವರೆಗೆ ಕಾದು, ಕರಟದ ಸಮೇತ ಎತ್ತಿ, ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿಗೆ ಇಳಿಸಿದ. ಗಿರಿಜಾಂಬಿಕಾ ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಹೊಸ್ತಿಲು ದಾಟಿಯಾಗಿತ್ತು. ಗೋಡೆಯಿದ್ದದ್ದರಿಂದ ಬೀದಿಗಿಳಿದು ಸುತ್ತಿ ಬಂದು ತಮ್ಮನ ಬಾಗಿಲು ದಾಟಿದ. ರುದ್ರೇಶನ ಹೆಂಡತಿ ಆಶಾ, ಹನ್ನೊಂದು ತಿಂಗಳ ಮೇಲೆ ಬಂದ ಭಾವನನ್ನೂ ಅವನ ಕೈಯ ಬಕೆಟ್ಟನ್ನೂ ನೋಡಿ ಕಕ್ಕಾಬಿಕ್ಕಿಯಾಗಿ ಎದ್ದು ನಿಂತಳು. ಅವರನ್ನು ಕರೆಯುತ್ತೇನೆ, ಒಂದು ನಿಮಿಷ ಇರಿ ಅಂದಳು.

"ಅವನ್ನ ಕೇಳೋದೇನೈತೆ ಬುಡವ್ವ," ಎಂದು ಹಾಲಸ್ವಾಮಿ ಬಕೆಟ್ಟನ್ನು ತೊಟ್ಟಿಗೆ ಬಗ್ಗಿಸಿಯೇಬಿಟ್ಟ.

ಎರಡು ಮೀನೂ ಒಂದು ಗಳಿಗೆ ಅಲ್ಲಾಡದೆ ನಿಂತವು. ಗುರುತು ಹಿಡಿಯುತ್ತಿವೆ ಎಂದುಕೊಂಡ ಹಾಲಸ್ವಾಮಿ. ಇನ್ನೇನು ಚಿಕ್ಕದು ಮೈ ಓರೆ ಮಾಡುತ್ತದೆ, ನಡುಗುತ್ತದೆ ಎಂದು ಗಾಜಿಗೆ ಮೂಗು ತಾಗಿಸಿ ಕಾದ. ಅದು ನಡುಗಲಿಲ್ಲ. ಅದೂ ಎದೆಯೊಡ್ಡಿ ನಿಂತಿತು. ಈಗ ನೋಡಿದರೆ ಎರಡರಲ್ಲಿ ಚಿಕ್ಕದು ಯಾವುದು ಅನ್ನುವುದೇ ತಿಳಿಯದಷ್ಟು ಸಮ. ಆಮೇಲೆ ಬಾಯಿಗೆ ಬಾಯಿ ಕಚ್ಚಿಕೊಂಡವು. ಸಂತೋಷಕ್ಕೆ ಹೀಗಾಡುತ್ತವೇನೋ ಎಂದು ಆ ಮಹಾನುಭಾವ ಇನ್ನೂ ನಗುತ್ತಲೇ ಇದ್ದ. ಒಂದರ ರೆಕ್ಕೆಯ ಚೂರು ಹರಿದು ನೀರಿನಲ್ಲಿ ತೇಲಿದಾಗ ನಗು ಆರಿಹೋಯಿತು. ಮೀನುಗಳು ಬಿಡಿಸಿಕೊಂಡು, ಗಿರಗಿರ ಸುತ್ತಿ, ಮತ್ತೆ ಒಂದರ ಮೇಲೊಂದು ಎಗರಿದವು. ಹಾಲಸ್ವಾಮಿಗೆ ಗೊತ್ತಿಲ್ಲದೆಯೇ ಹನ್ನೊಂದು ತಿಂಗಳಿಂದ ಬಾಯಿಗೆ ಬಾರದಿದ್ದ ಹೆಸರು ಹೊರಗೆ ಬಂತು. "ರುದ್ರಾ, ಬಾರೋ ಇಲ್ಲಿ."

ರುದ್ರೇಶ ಮೈತುಂಬ ಧೂಳಿನಲ್ಲಿ ಓಡಿ ಬಂದ. ತೊಟ್ಟಿ ನೋಡಿದವನೇ ಯಾರನ್ನೂ ಏನೂ ಕೇಳಲಿಲ್ಲ. ಆಶಾಳ ಕೈಯಿಂದ ಅಕ್ಕಿ ತೊಳೆಯುವ ತೂತಿನ ಬುಟ್ಟಿ ಇಸಿದುಕೊಂಡು, ಕೈ ತೊಳೆದು, ತೋಳಿನವರೆಗೂ ನೀರಿಗಿಳಿಸಿ, ಅಣ್ಣನ ಮೀನನ್ನು ಅದರೊಳಗೆ ಹಿಡಿದು ಒಂದು ಮೂಲೆಗೆ ಒತ್ತಿ ನಿಲ್ಲಿಸಿದ. ರುದ್ರೇಶನದು ಹೊರಗಿನಿಂದ ಬುಟ್ಟಿಯನ್ನು ಕುಕ್ಕುತ್ತಲೇ ಇತ್ತು.

"ಗಂಡ ಹೆಂಡ್ತಿ ಕಣ್ಲಾ ಅವು," ಅಂದ ಹಾಲಸ್ವಾಮಿ. ದನಿ ನಡುಗುತ್ತಿತ್ತು. "ಮೂರು ವರ್ಷ ಒಟ್ಟಿಗೆ ಸಂಸಾರ ಮಾಡಿದ್ವು. ಏನಾಯ್ತು ಇವಕ್ಕೆ?"

"ನಿಂದು ಈಗ ಗಂಡಲ್ಲ ಕಣಣ್ಣ. ಹೆಣ್ಣಾಗೈತೆ."

ಹಾಲಸ್ವಾಮಿ ಪಿಳಿಪಿಳಿ ಕಣ್ಣು ಬಿಟ್ಟ. ರುದ್ರೇಶ ನಿಧಾನವಾಗಿ, ಗಿರಾಕಿಗೆ ಫಿಲ್ಟರ್ ಯಾಕೆ ಕೆಟ್ಟಿತೆಂದು ಹೇಳುವ ಹಾಗೆ ಹೇಳಿದ. ಮೇಲೆ ದೊಡ್ಡದು ಇದ್ದಷ್ಟು ದಿನ ಚಿಕ್ಕದು ಚಿಕ್ಕದಾಗಿರುತ್ತದೆ. ಒಂಟಿಯಾಗಿ ಬಿಟ್ಟರೆ ತಾನೇ ಬೆಳೆದು ತಾನೇ ಯಜಮಾನಿಯಾಗುತ್ತದೆ. ಈ ತೊಟ್ಟಿಯಲ್ಲೊಬ್ಬಳು, ಆ ತೊಟ್ಟಿಯಲ್ಲೊಬ್ಬಳು. ಇಬ್ಬರನ್ನು ಒಂದೇ ಕಡೆ ಬಿಟ್ಟರೆ ಒಬ್ಬಳು ಸಾಯುವವರೆಗೂ ನಿಲ್ಲುವುದಿಲ್ಲ. ಮೂರು ವರ್ಷದ ಹಿಂದೆ ಊಟದ ಮನೆಯಲ್ಲಿ ಕೇಳಿ ನಕ್ಕಿದ್ದ ಮಾತು ಈಗ ಹಾಲಸ್ವಾಮಿಗೆ ನೆನಪಾಯಿತು. ತಮಾಷೆಯಲ್ಲವೇ ಹಾಗಾದರೆ? ತಮ್ಮ ನಿಜವನ್ನೇ ಹೇಳಿದ್ದನೇ?

"ಮತ್ತೆ ಮೊದ್ಲಿನಂಗೆ ಮಾಡಾಕಾಗಲ್ವಾ?"

"ಆಗಲ್ಲ. ಒಂದ್ಸಲ ಹೆಣ್ಣಾದ್ದು ವಾಪಸ್ ಗಂಡಾಗಲ್ಲ. ಎರಡಕ್ಕೂ ಬೇರೆ ಬೇರೆ ಚಿಕ್ಕದು ತಂದು ಬುಡಬೋದು. ಎರಡೂ ಮನೇಲಿ ಜೋಡಿ ಆಗ್ತವೆ."

ಹಾಲಸ್ವಾಮಿ ನೆಲದ ಮೇಲೆಯೇ ಕೂತುಬಿಟ್ಟ. ಯೋಚಿಸಿ ಇಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ತಾನು ಬಂದದ್ದು ಮೀನಿಗೋಸ್ಕರವಲ್ಲ, ನಾಳೆ ಗೋಡೆ ಒಡೆಸೋಣ ಎಂದು ಹೇಳುವುದಕ್ಕೆ ಎಂದು ತಡವರಿಸುತ್ತಾ ಹೇಳಿದ. ಅವತ್ತು ಸಿಟ್ಟಿಗೆ ಮೀನನ್ನು ಪಾಲು ಮಾಡಿದೆ, ತಪ್ಪಾಯಿತು ಅಂದ. ಆ ಮನುಷ್ಯನ ಬಾಯಲ್ಲಿ ತಪ್ಪಾಯಿತು ಅನ್ನುವ ಮಾತನ್ನು ಹೆಂಡತಿಯೂ ಕೇಳಿರಲಿಲ್ಲ. ಗೋಡೆಯಾಚೆ ಕಿವಿಗೊಟ್ಟು ನಿಂತಿದ್ದ ಗಿರಿಜಾಂಬಿಕಾ ಅವತ್ತು ಕೇಳಿದಳು.

ರುದ್ರೇಶ ನೀರಿನಿಂದ ತೋಳು ತೆಗೆಯದೆ ಬುಟ್ಟಿಯನ್ನು ಒತ್ತಿ ಹಿಡಿದೇ ಇದ್ದ. ಅವನ ಕಣ್ಣೂ ತುಂಬಿತ್ತು. ಆದರೂ ಹೇಳಬೇಕಾದ್ದನ್ನು ಹೇಳಿದ.

"ಗೋಡೆ ಇರ್ಲಿ ಕಣಣ್ಣ. ನಾನು ಮೊದ್ಲಿನಂಗೆ ಇರಾಕಾಗಲ್ಲ ಈಗ. ಒಟ್ಟಿಗಿದ್ರೆ ಜಗಳಾಡ್ತೀವಿ. ನಂಗೆ ನಿನ್ ಜೊತೆ ಜಗಳ ಬ್ಯಾಡ."

ಪ್ರೀತಿಯಿಂದ ಹೇಳಿದ್ದೋ, ಬೇಡವೆಂದು ತಳ್ಳಿದ್ದೋ, ಅದೂ ಹಾಲಸ್ವಾಮಿಗೆ ಬಗೆಹರಿಯಲಿಲ್ಲ. ಕಾಯಾಗಿದ್ದರೆ ಅಲ್ಲಾಡಿಸಿ ನೋಡಬಹುದಿತ್ತು. ಎದ್ದು, ಬಕೆಟ್ಟಿಗೆ ತೊಟ್ಟಿಯ ನೀರು ತುಂಬಿಕೊಂಡು, ಕರಟವನ್ನೂ ಮೀನನ್ನೂ ಇಳಿಸಿಕೊಂಡ. ಅದರ ಬಾಲದ ಅಂಚು ಹರಿದಿತ್ತು. ಬಾಗಿಲವರೆಗೆ ಹೋದವನು, ಸೋತವನು ಏನಾದರೊಂದು ನೆಪ ಹುಡುಕುವ ಹಾಗೆ ತಿರುಗಿ ನಿಂತ.

"ನೀರೂ ಹೊಂದಲಿಲ್ವೇನೋ. ನಿನ್ ನೀರೇ ಬ್ಯಾರೆ, ನನ್ ನೀರೇ ಬ್ಯಾರೆ."

"ನೀರು ಎರಡೂ ಒಂದೇ," ಅಂದ ರುದ್ರೇಶ. "ಹನ್ನೊಂದು ತಿಂಗಳಿಂದ ನಾನೇ ಕಲಸಿ ಕಳಿಸ್ತಿದೀನಿ. ಗಾನವಿ ಹೇಳ್ಲಿಲ್ವಾ?"

ಹಾಲಸ್ವಾಮಿ ಬಕೆಟ್ಟು ಹಿಡಿದುಕೊಂಡು ನಿಂತೇ ಇದ್ದ. ಪ್ರತಿ ಶನಿವಾರದ ಬಿಳಿ ಡಬ್ಬ. ಹೌದು, ತಿಪಟೂರಿನಿಂದ. ತಿಪಟೂರಿನಲ್ಲಿ ಉಪ್ಪಿನ ಹದ ನೋಡಿ ನೀರು ಕಲಸುವವರು ಇನ್ನೆಷ್ಟು ಜನ ಇದ್ದಾರು? ಅಟ್ಟದಷ್ಟು ದೊಡ್ಡ ಸಂಗತಿ ಕಣ್ಣ ಮುಂದೆಯೇ ಇತ್ತು, ಕಂಡಿರಲಿಲ್ಲ. ಚಿಕ್ಕಪ್ಪನ ಅಂಗಡಿಗೆ ಹೋಗಿ ನೀರು ತರುತ್ತಿದ್ದ ಗಾನವಿಯ ಮೇಲೆ ಸಿಟ್ಟಾಗಬೇಕೋ, ಅವಳನ್ನು ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಹಾಗಿದ್ದರೆ ದೊಡ್ಡದನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಿದ. ಅದು ಮೊಂಡು ಪ್ರಾಣಿ, ಹೊಸಬರ ಕೈಲಿ ತಿನ್ನುವುದಿಲ್ಲ, ಚಿಕ್ಕದಾದರೆ ನಿನ್ನ ಕೈಲೂ ಬದುಕುತ್ತದೆ ಅಂದುಕೊಂಡೆ ಎಂದ ರುದ್ರೇಶ. ಹೊಸ ತೊಟ್ಟಿಯ ನೀರು ಮೀನಿಗೆ ಒಗ್ಗುವಂತೆ ಕುದುರಲು ತಿಂಗಳುಗಟ್ಟಲೆ ಬೇಕು, ಅದಕ್ಕೇ ಕುದುರಿದ್ದನ್ನು ನಿನಗೆ ಬಿಟ್ಟೆ ಎಂದೂ ಹೇಳಿದ. ಹಾಲಸ್ವಾಮಿ ಬೀದಿ ಸುತ್ತಿ ಮನೆಗೆ ಬಂದು, ಮೀನನ್ನು ತೊಟ್ಟಿಗೆ ಬಿಟ್ಟು, ಅವತ್ತು ಊಟ ಮಾಡದೆ ಮಲಗಿದ.

ಮುಂದಿನ ಭಾನುವಾರ ನೀರು ಬದಲಾಯಿಸಿದ ಮೇಲೆ ಖಾಲಿ ಡಬ್ಬವನ್ನು ಗಾನವಿ ಎತ್ತಿಡಲು ಹೋದಳು. ಹಾಲಸ್ವಾಮಿ ಅವಳ ಕೈಯಿಂದ ಅದನ್ನು ತೆಗೆದುಕೊಂಡ. ಪಂಚೆ ಸರಿಮಾಡಿಕೊಂಡು ಬೀದಿಗಿಳಿದು, ಸುತ್ತಿ ಹೋಗಿ, ತಮ್ಮನ ಬಾಗಿಲ ಮುಂದೆ ನಿಂತ. ಬಾಗಿಲು ತೆರೆದೇ ಇತ್ತು. ಒಳಗೆ ರುದ್ರೇಶ ತೊಟ್ಟಿಯ ಗಾಜು ಒರೆಸುತ್ತಿದ್ದ. ಹಾಲಸ್ವಾಮಿ ಹೊಸ್ತಿಲ ಈಚೆಗೇ ನಿಂತ. ತಾನು ಹುಟ್ಟಿದ ಮನೆ ಅದು, ಆ ಹೊಸ್ತಿಲ ಮೇಲೆ ಕೂತು ಹಾಲುಹಲ್ಲು ಉದುರಿಸಿಕೊಂಡವನು.

"ಒಳಕ್ಕೆ ಬರ್ಲಾ ರುದ್ರಾ?" ಎಂದು ಕೇಳಿದ.

ರುದ್ರೇಶ ತಿರುಗಿ ನೋಡಿದ. ಅಣ್ಣ ಕೇಳುತ್ತಿದ್ದಾನೆ ಅನ್ನುವುದನ್ನು ನಂಬಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ಕಣ್ಣು ಡಬ್ಬದ ಮೇಲೆ ಬಿತ್ತು.

"ಡಬ್ಬ ಸೋಪಲ್ಲಿ ತೊಳ್ದಿಲ್ಲ ತಾನೇ?"

"ಇಲ್ಲಪ್ಪ. ಬರೀ ನೀರಲ್ಲೇ ತೊಳ್ದಿದೀನಿ."

"ಹಂಗಾದ್ರೆ ಬಾ," ಅಂದ ರುದ್ರೇಶ, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಡಬ್ಬ ಇಸಿದುಕೊಳ್ಳಲು ಎದ್ದು ಬಂದ.